ಇಲಿಗೊಂದು ನ್ಯಾಯ, ಅಮ್ಮನಿಗೊಂದು ನ್ಯಾಯ

2024 ನವೆಂಬರ್ 21, ಗುರುವಾರ, ಬೆಳಿಗ್ಗೆ 6:40

ತೇಗ್ಯಮ್ ಅಣ್ಣಾ,

ನಾನು ಬುಸಾನ್ ರೈಲಿಗೆ ಹೊರಟೆ. ನಿನ್ನನ್ನು ಎಬ್ಬಿಸಲಿಲ್ಲ, ಮರೆವಿನ ಕಾಯಿಲೆಗೆ ಮದ್ದು ಹುಡುಕುವ ಪೋಸ್ಟ್‌ಡಾಕ್ ಸಂಶೋಧಕ ಸಾಹೇಬರಿಗೆ ನಿದ್ದೆ ಮುಖ್ಯ. ಗಂಜಿ ಒಲೆಯ ಮೇಲಿದೆ. ಹೊಸ ಕಿಮ್ಚಿ ಮುಟ್ಟಬೇಡ, ಅಮ್ಮ ಎಲೆಕೋಸಿಗೆ ಎರಡು ಸಲ ಉಪ್ಪು ಹಾಕಿದ್ದಾಳೆ.

ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯಲ್ಲಿ ಅವಳ ನೆನಪಿನ ತಪಾಸಣೆ ಇದೆ. ನೀನೇ ಕರೆದುಕೊಂಡು ಹೋಗು. "ಯಾಕೆ ಸುಮ್ನೆ? ಪ್ರತಿ ಭಾನುವಾರ ನಾನೇ ಟೆಸ್ಟ್ ಮಾಡ್ತೀನಲ್ಲ, ಪೂರ್ತಿ ಅಂಕ!" ಎಂದು ಮತ್ತೆ ಶುರು ಮಾಡಬೇಡ. ಪ್ರತಿ ಭಾನುವಾರವೂ ನೀನು ನೆನಪಿಡಲು ಕೊಡುವುದು ಅದೇ ಮೂರು ಪದ: ಮರ, ಟೋಪಿ, ಕೊಡೆ. ನಿನ್ನ ಲ್ಯಾಬಿನಲ್ಲಿ ನೆನಪಿನ ಪರೀಕ್ಷೆಗೆಂದು ಒಂದೇ ಇಲಿಯನ್ನು ಅದೇ ಚಕ್ರವ್ಯೂಹದೊಳಗೆ ಎರಡನೇ ಸಲ ಬಿಟ್ಟ ವಿದ್ಯಾರ್ಥಿಗೆ ನೀನು ಬೈದದ್ದನ್ನು ಊಟಕ್ಕೆ ಕೂತಾಗ ನೀನೇ ಹೇಳಿ ನಕ್ಕಿದ್ದೆ: "ಅದು ನೆನಪಲ್ಲ ಕಣಯ್ಯಾ, ರೂಢಿ!"

ಪೂರ್ತಿ ಅಂಕ ಹೇಗೆ ಬರುತ್ತದೆ ಎಂದು ಅಮ್ಮನನ್ನೇ ಕೇಳಿದೆ. ಅವಳಿಗೆ ನಾಚಿಕೆಯೂ ಇಲ್ಲ. "ನಾನು ಸರಿಯಾಗಿ ಹೇಳಿದ್ರೆ ಅವನ ಮುಖ ನೋಡ್ಬೇಕು ಕಣೇ ಯೆಸೊಲ್, ಎಷ್ಟು ಖುಷಿ! ಅದಕ್ಕೇ ದಿನಾ ಪಾತ್ರೆ ತೊಳೀತಾ ಬಾಯಿಪಾಠ ಮಾಡ್ತೀನಿ."

ಡಾಕ್ಟರು ಪ್ರಶ್ನೆ ಕೇಳುವಾಗ ನಡುವೆ ಬಾಯಿ ಹಾಕಬೇಡ. ನಿನ್ನ ಭಾನುವಾರದ ಅಂಕಗಳನ್ನು ದಯವಿಟ್ಟು ಅಲ್ಲಿ ಹೇಳಬೇಡ, ಮನೆತನದ ಮರ್ಯಾದೆ ಉಳಿಯಲಿ. ಅವಳಿಗೆ ಬೂದು ಕೋಟು ತೊಡಿಸು, ಹೊರಗೆ ಚಳಿ. ಕೈ ಹಿಡಿದುಕೊಂಡೇ ಇರು.

ನಿನ್ನೆ ಸಂಜೆ ನಾನು ಬೇರೆ ಮೂರು ಪದ ಕೊಟ್ಟು, ಐದು ನಿಮಿಷ ಬಿಟ್ಟು ಕೇಳಿದೆ. ಮೂರಕ್ಕೆ ಸೊನ್ನೆ.