ಸಲಾಲಾದ ದಕ್ಕೆಯಲ್ಲಿ ಅತ್ತೆ ಹಿಂದಕ್ಕೆ ಓಡಿಸಿದ ಕಾರು

ಗಂಗೊಳ್ಳಿ
ಇಸವಿ 2171, ಫೆಬ್ರವರಿ ಮೂವತ್ತು

ಒಂದೂವರೆ ಶತಮಾನದಷ್ಟು ಹಿಂದೆ ಉಳಿದಿರುವ ಹಿರಿಯರೆಲ್ಲರಿಗೆ ಗಂಗೊಳ್ಳಿಯ ಜಲಜಾಕ್ಷಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಇವಳಿಗೆ ತಲೆ ಸರಿ ಇಲ್ಲ ಅಂದುಕೊಳ್ಳಬೇಡಿ. ನಿಮ್ಮ ಫೆಬ್ರವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ದಿನವಂತೆ, ನಮ್ಮದಕ್ಕೆ ಮೂವತ್ತು. ತಿಂಗಳುಗಳನ್ನೆಲ್ಲ ಸಮ ಮಾಡುತ್ತೇವೆ ಅಂತ ಹೊರಟವರು ಜಗಳ ಮಾಡಿಕೊಂಡು ಅರ್ಧಕ್ಕೆ ಬಿಟ್ಟರು, ಉಳಿದದ್ದು ಇದಿಷ್ಟೇ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಮಾತುಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಪಂಡಿತಳಲ್ಲ, ಮೀನಿನ ಉಪ್ಪಿನಕಾಯಿ ಮಾಡಿ ಮಾರುವವಳು. ಆದರೆ ನಮ್ಮ ಅತ್ತೆ ಮಾಡಿದ ಒಂದು ಕೆಲಸವನ್ನು ಈ ಕಾಲದವರಿಗೆ ಹೇಳಿ ಹೇಳಿ ಎಲ್ಲರ ಕಿವಿ ತೂತಾಗಿದೆ. ಹೊಸದಾಗಿ ಕೇಳುವವರು ಇನ್ನು ನೀವೇ.

ಅತ್ತೆಯ ಹೆಸರು ಚಂದು ಮರಕಾಲ್ತಿ. ಇಪ್ಪತ್ತೆರಡು ವರ್ಷ, ದೋಣಿಗಳು ಬಂದು ನಿಲ್ಲುವ ಗಂಗೊಳ್ಳಿಯ ದಕ್ಕೆಯಿಂದ ಮೀನಿನ ಗಾಡಿ ತುಂಬಿಕೊಂಡು, ಕೊಲ್ಲೂರು ಘಾಟಿ ಹತ್ತಿ, ಶಿವಮೊಗ್ಗದ ಮಾರ್ಕೆಟ್ಟಿಗೆ ಬೆಳಗಾಗುವುದರೊಳಗೆ ಮುಟ್ಟಿಸಿದವರು. ಆಮೇಲೆ ತಾನೋಟ ಬಂತು. ತಾನೋಟ ಅಂದರೆ ಮನುಷ್ಯರ ಕೈ ತಾಗದೆ ತಾನಾಗಿ ಓಡುವ ಗಾಡಿ. ನಾವು ಹತ್ತಿ ಕೂತು ಊರಿನ ಹೆಸರು ಹೇಳಿದರಾಯಿತು, ಉಳಿದದ್ದು ಅದರ ತಲೆನೋವು. 2149ರಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಮನುಷ್ಯರು ಗಾಡಿ ಓಡಿಸಬಾರದೆಂದು ಕಾನೂನೇ ಆಯಿತು. ಅಪಘಾತಗಳು ಕಡಿಮೆಯಾದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅತ್ತೆ ಮಾತ್ರ ತಮ್ಮ ಹಳೆಯ ಕೈಕಾರನ್ನು, ಅಂದರೆ ಸ್ಟೇರಿಂಗ್ ಇರುವ ಕಾರನ್ನು, ಮಾರಲಿಲ್ಲ. ದಿನಾ ಬೆಳಿಗ್ಗೆ ಅಂಗಳದಲ್ಲಿ ಹತ್ತು ಮಾರು ಮುಂದೆ, ಹತ್ತು ಮಾರು ಹಿಂದೆ ಓಡಿಸಿ ನಿಲ್ಲಿಸುತ್ತಿದ್ದರು. ನನಗೋ ಮೀನು ಒಣಗಿಸಲು ಅಂಗಳದಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಈ ವಿಷಯಕ್ಕೆ ನಮ್ಮಿಬ್ಬರಿಗೂ ಆಗಾಗ ಮಾತಿಗೆ ಮಾತು ಬೆಳೆಯುತ್ತಿತ್ತು.

ಕೈಕಾರು ಓಡಿಸುವ ಪರವಾನಗಿಗೆ ನಾವು ಕೈಚೀಟಿ ಅನ್ನುತ್ತೇವೆ. ಓಡಿಸಲು ನಮ್ಮಲ್ಲಿ ರಸ್ತೆಯೇ ಇಲ್ಲದಿದ್ದರೂ ಚೀಟಿ ಇದ್ದವರಿಗೆ ಅದು ಎಪ್ಪತ್ತೇಳು ತುಂಬುವವರೆಗೆ ಊರ್ಜಿತ. ಅತ್ತೆಗೆ ಈ ಫೆಬ್ರವರಿಯಲ್ಲಿ ಎಪ್ಪತ್ತೇಳು ತುಂಬುವುದಿತ್ತು. ಕೈಕಾರಿಗೆ ಇನ್ನೂ ರಸ್ತೆ ಬಿಟ್ಟುಕೊಟ್ಟಿರುವ ಊರುಗಳಲ್ಲಿ ನಮಗೆ ಹತ್ತಿರದ್ದು ಒಮಾನಿನ ಸಲಾಲಾ. ಸಾಯುವುದರೊಳಗೆ ಒಮ್ಮೆ ನಿಜವಾದ ರಸ್ತೆಯ ಮೇಲೆ, ತಮ್ಮದೇ ಕಾರನ್ನು, ತಮ್ಮ ಕೈಯಾರೆ ಓಡಿಸಬೇಕು ಎಂಬುದೊಂದೇ ಅವರ ಆಸೆ.

ರಜೆಗೆ ಹೊರದೇಶಕ್ಕೆ ಹೋಗುವುದೆಂದು ಮನೆಯಲ್ಲಿ ಮಾತು ಬಂದಾಗ ನಾನು ವಿಮಾನ ಅಂದೆ. ನಿಮ್ಮ ಹಾಗೆ ಮನಸ್ಸು ಬಂದಾಗಲೆಲ್ಲ ಹಾರುವ ಭಾಗ್ಯ ನಮಗಿಲ್ಲ. ಒಂದು ಮನೆಗೆ ಹತ್ತು ವರ್ಷಕ್ಕೆ ಎರಡೇ ಸಲ ಹಾರುಸರದಿ ಬರುತ್ತದೆ, ನಮ್ಮ ಸರದಿ ಬಂದು ಕೂತಿತ್ತು. ಗಂಟೆ ಎರಡು ಕಳೆಯುವುದರೊಳಗೆ ಮುಟ್ಟುವ ಊರಿಗೆ ನಾಲ್ಕು ದಿನ ನಾಲ್ಕು ರಾತ್ರಿ ಸಮುದ್ರದ ಮೇಲೆ ಕುಲುಕಾಡಿಕೊಂಡು ಹೋಗುವುದು ರಜೆಯೋ ಶಿಕ್ಷೆಯೋ ಅಂತ ಮುಖ ಊದಿಸಿಕೊಂಡು ಕೇಳಿದೆ. ಅತ್ತೆ ವಾದ ಮಾಡಲಿಲ್ಲ. ನಿನ್ನ ವಿಮಾನದಲ್ಲಿ ಕಾರು ಹಿಡಿಯುತ್ತದೋ ಅಂತ ಮಾತ್ರ ಕೇಳಿದರು. ಗಂಡ ಕರುಣಾಕರ ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಮರುದಿನ ಹೋಗಿ ದಾಟುಹಡಗಿಗೆ ಹೆಸರು ಬರೆಸಿ ಬಂದರು. ದಾಟುಹಡಗು ಎಂದರೆ ಜನರನ್ನು ಮೇಲೆ, ಅವರ ಕಾರುಗಳನ್ನು ಹೊಟ್ಟೆಯೊಳಗೆ ತುಂಬಿಕೊಂಡು ಹೋಗುವ ದೊಡ್ಡ ಹಡಗು. ಗಟ್ಟಿ ಹಾಯಿಗಳು, ಗಾಳಿ ಬಿದ್ದಾಗ ಮಾತ್ರ ಯಂತ್ರ. ತಿಂಗಳಿಗೊಂದೇ ಹಡಗು. ಜನವರಿಯದು ತಪ್ಪಿದರೆ ಮುಂದಿನದು ಅಲ್ಲಿ ಮುಟ್ಟುವ ಹೊತ್ತಿಗೆ ಅತ್ತೆಯ ಚೀಟಿ ಬರೀ ಕಾಗದ.

ಹೊರಡುವ ದಿನ ಕಾರಿಗೆ ಪೂಜೆ ಮಾಡಿದ್ದು ನಾನೇ. ಮನಸ್ಸಿನಲ್ಲಿ ಮುನಿಸಿದ್ದರೂ ಶಾಸ್ತ್ರ ಬಿಡುವವಳು ನಾನಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆಹಣ್ಣು ಇಟ್ಟೆ, ತೆಂಗಿನಕಾಯಿ ಒಡೆದೆ, ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಕಾರಿನ ಮೂತಿಯ ನಟ್ಟನಡುವೆ, ಎಲ್ಲರೂ ಹಚ್ಚುವ ಜಾಗದಲ್ಲೇ, ಮೂರು ಬೆರಳು ತುಂಬಾ ಬಳಿದೆ. ಹಡಗಿಗೆಂದು ಹೊಸದಾಗಿ ಕೂರಿಸಿದ ಗುರುತುಬಿಲ್ಲೆಯೂ ಅಲ್ಲೇ ಇತ್ತು. ಅಂಗೈಯಗಲದ ಲೋಹದ ಬಿಲ್ಲೆ, ಕೂದಲೆಳೆಯಂಥ ಗೀರುಗಳು. ಹೊರದೇಶದ ಗೇಟು ಆ ಗೀರುಗಳನ್ನು ಓದಿ ಕಾರು ಯಾರದ್ದು ಎಂದು ತಿಳಿದುಕೊಳ್ಳುತ್ತದೆ. ನನಗದು ಕುಂಕುಮ ಹಚ್ಚಲೆಂದೇ ಮಾಡಿಟ್ಟ ತಟ್ಟೆಯ ಹಾಗೆ ಕಂಡಿತು.

ನಮ್ಮ ರಸ್ತೆಗೆ ಕೈಕಾರು ಇಳಿಸುವಂತಿಲ್ಲವಾದ್ದರಿಂದ ದೊಡ್ಡದೊಂದು ತಾನೋಟವೇ ಅದನ್ನು ಹೊತ್ತು ಹಡಗಿಗೆ ಮುಟ್ಟಿಸಿತು. ಹಡಗಿನ ಮೊದಲ ದಿನದ ವರ್ಣನೆ ಬೇಡ. ತಿಂದದ್ದೆಲ್ಲ ಕಡಲಿಗೆ ಅರ್ಪಿಸಿದೆ. ಮೀನುಗಾರರ ಮನೆಯ ಸೊಸೆಗೆ ಹಡಗಿನ ಮೇಲೆ ವಾಂತಿ ಅಂತ ಗಂಡ ನಕ್ಕದ್ದನ್ನು ಇನ್ನೂ ಮರೆತಿಲ್ಲ. ಎರಡನೆಯ ದಿನ ಶುಂಠಿ ಅಗಿದುಕೊಂಡು ಮೇಲೆ ಬಂದು ಕೂತೆ. ನಿಜ ಹೇಳುತ್ತೇನೆ, ಅಷ್ಟು ಪುರಸೊತ್ತನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಕರೆಯುವವರಿಲ್ಲ, ಅವಸರವಿಲ್ಲ. ಭಟ್ಕಳದ ಒಂದು ದೊಡ್ಡ ಸಂಸಾರ ಬಿರಿಯಾನಿ ಮಾಡಿ ಸಾಲಿನವರಿಗೆಲ್ಲ ಹಂಚಿತು, ನಾನು ನನ್ನ ಸಿಗಡಿ ಉಪ್ಪಿನಕಾಯಿಯ ಭರಣಿ ತೆರೆದೆ. ಹಾರುಮೀನುಗಳು ಗುಂಪುಗುಂಪಾಗಿ ಎದ್ದು ಬೀಳುವುದನ್ನು ನೋಡುತ್ತ ಬೆಳಗಿನಿಂದ ಮಧ್ಯಾಹ್ನದವರೆಗೆ ಸುಮ್ಮನೆ ಕೂತಿದ್ದೆ. ವಿಮಾನದಲ್ಲಿ ಹೋಗಿದ್ದರೆ ಎರಡು ಊರುಗಳ ನಡುವೆ ಇಷ್ಟೆಲ್ಲ ನೀರು ಇದೆ ಅನ್ನುವುದೇ ನನಗೆ ತಿಳಿಯುತ್ತಿರಲಿಲ್ಲ.

ದಿನಕ್ಕೆ ಎರಡು ಹೊತ್ತು ಹಡಗಿನ ಹೊಟ್ಟೆಗೆ ಇಳಿದು ನಮ್ಮ ನಮ್ಮ ಕಾರು ನೋಡಿಕೊಂಡು ಬರಲು ಬಿಡುತ್ತಿದ್ದರು. ಅತ್ತೆ ಒಂದು ಹೊತ್ತೂ ತಪ್ಪಿಸಲಿಲ್ಲ. ಮೂರನೆಯ ದಿನ ಊಟಕ್ಕೆ ಕರೆಯಲು ನಾನೂ ಇಳಿದೆ. ಅತ್ತೆ ಸೀಟಿನಲ್ಲಿ ನೆಟ್ಟಗೆ ಕೂತು, ಎರಡು ಕೈ ಸ್ಟೇರಿಂಗಿನ ಮೇಲಿಟ್ಟು, ಕಣ್ಣು ಮುಚ್ಚಿದ್ದರು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ದೇವರ ನಾಮ ಅಂದುಕೊಂಡೆ. ಹತ್ತಿರ ಹೋದರೆ ಬಲಗಡೆ, ಬಲಗಡೆ ಅನ್ನುತ್ತಿದ್ದಾರೆ. ಒಮಾನಿನಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ನಮ್ಮ ಕಡೆ ಎಡ. ಅದನ್ನು ಕೈಗೆ ಕಲಿಸುತ್ತಿದ್ದರು. ಇಷ್ಟು ದಿನ ಇವರ ಆಸೆಯನ್ನು ಅಂಗಳ ಅಡ್ಡಗಟ್ಟಿದ ತಗಡಿನ ಡಬ್ಬಿ ಅಂತ ಬೈದೆನಲ್ಲ ಅಂತ ನನ್ನ ಮೇಲೆಯೇ ಸಿಟ್ಟು ಬಂತು. ಊಟಕ್ಕೆ ಆಮೇಲೆ ಬನ್ನಿ ಅಂತ ಹೇಳಿ ಮೇಲೆ ಹತ್ತಿದೆ.

ಐದನೆಯ ದಿನ ಬೆಳಿಗ್ಗೆ ಹಡಗು ಸಲಾಲಾ ಮುಟ್ಟಿತು. ಹಡಗು ಬಾಯಿ ತೆರೆದು ಉಕ್ಕಿನ ಹಲಗೆಯನ್ನು ದಕ್ಕೆಯ ಮೇಲೆ ಚಾಚಿತು. ತಾನೋಟಗಳು ಸಾಲಾಗಿ ಸದ್ದಿಲ್ಲದೆ ಇಳಿದು ಹೋದವು. ಕೊನೆಗೆ ನಮ್ಮ ಕೈಕಾರು. ಅತ್ತೆ ಹಲಗೆ ಇಳಿಸಿ, ಗೇಟಿನ ತನಕ ಒಯ್ದು ನಿಲ್ಲಿಸಿದರು. ಗೇಟು ತೆರೆಯಲಿಲ್ಲ. ಕೆಂಪು ದೀಪ ಉರಿಯಿತು.

ಬಂದರಿನ ಅಧಿಕಾರಿ ಸಾಲಿಮ್ ಎಂಬ ನರೆತ ಗಡ್ಡದ ಮನುಷ್ಯ. ಅವರು ಬಗ್ಗಿ ಬಿಲ್ಲೆ ನೋಡಿದರು, ಬೆರಳಿನಿಂದ ಮುಟ್ಟಿದರು, ಕೆಂಪಾದ ಬೆರಳನ್ನು ಮೂಸಿ ನೋಡಿದರು. ನನ್ನ ಕುಂಕುಮ ಗೀರುಗಳೊಳಗೆ ಇಳಿದು, ನಾಲ್ಕು ದಿನದ ಉಪ್ಪುಗಾಳಿಗೆ ಗಾರೆಯ ಹಾಗೆ ಕಚ್ಚಿ ಕೂತಿತ್ತು. ಗಂಡ ಕರವಸ್ತ್ರ ಒದ್ದೆ ಮಾಡಿ ಉಜ್ಜಿದರು, ಅದು ಇನ್ನಷ್ಟು ಮೆತ್ತಿತು. ಸಾಲಿಮರ ಎದೆಯ ಮೇಲಿನ ಮಾತುಗುಂಡಿ, ಅಂದರೆ ಒಂದು ಭಾಷೆಯನ್ನು ಇನ್ನೊಂದಕ್ಕೆ ತಿರುಗಿಸಿ ಹೇಳುವ ಯಂತ್ರ, ಶುದ್ಧ ಪುಸ್ತಕದ ಕನ್ನಡದಲ್ಲಿ ವಿಷಯ ತಿಳಿಸಿತು. ಗುರುತು ಓದಲಾಗದ ವಾಹನ ಸರಕಿಗೆ ಸಮಾನ, ಅದು ಇದೇ ಹಡಗಿನಲ್ಲಿ ಹಿಂದಿರುಗತಕ್ಕದ್ದು, ಪ್ರಯಾಣಿಕರು ರಜೆಯನ್ನು ಸುಖವಾಗಿ ಕಳೆಯಬಹುದು. ಕಾರಿಲ್ಲದೆ ಎಂಥ ಸುಖ! ನಾನು ಅಲ್ಲೇ ದಕ್ಕೆಯ ಮೇಲೆ ಕೂತು ಅತ್ತುಬಿಟ್ಟೆ. ಬೇಕೆಂದೇ ಮಾಡಿದಳು ಅಂತ ಅತ್ತೆ ಅಂದುಕೊಂಡರೆ ಏನು ಮಾಡಲಿ ಅನ್ನುವುದು ಒಂದು ಕಡೆ. ಇವರ ಇಪ್ಪತ್ತೆರಡು ವರ್ಷದ ಕಾಯುವಿಕೆಗೆ ನಾನೇ ಕಲ್ಲು ಹಾಕಿದೆ ಅನ್ನುವುದು ಇನ್ನೊಂದು ಕಡೆ.

ಅತ್ತೆ ಬೈಯಲಿಲ್ಲ. ಬಿಲ್ಲೆ ಹಾಳಾದ ಕೈಕಾರಿಗೆ ಬೇರೆ ದಾರಿಯೇ ಇಲ್ಲವೋ ಅಂತ ಸಾಲಿಮರನ್ನು ಕೇಳಿದರು. ಅವರು ಗಡ್ಡ ನೀವಿಕೊಂಡು, ಒಳಗೆ ಹೋಗಿ, ಹಳೆಯ ನಿಯಮದ ಪುಸ್ತಕ ಹುಡುಕಿ ತಂದರು. ಒಂದು ದಾರಿ ಇತ್ತು. ಗಾಡಿ ನನ್ನದೇ, ನನ್ನ ಕೈಗೇ ಪಳಗಿದ್ದು ಎಂದು ಓಡಿಸುವವರು ಮೂವರು ಅಧಿಕಾರಿಗಳೆದುರು ತೋರಿಸಿಕೊಡಬೇಕು. ಗೇಟಿನಿಂದ ಹಿಂದಕ್ಕೆ ಹೋಗಿ, ಹಡಗಿನ ಹಲಗೆಯನ್ನು ಹಿಮ್ಮುಖವಾಗಿ ಹತ್ತಬೇಕು. ಹಲಗೆಯ ನಡುವೆ ನಿಲ್ಲಿಸಿ ನೂರು ಎಣಿಸುವ ತನಕ ಕಾರು ಜಾರಕೂಡದು. ಆಮೇಲೆ ಹಡಗಿನೊಳಗೆ ಹೊಕ್ಕು, ಮತ್ತೆ ಇಳಿದು ಬರಬೇಕು. ಎರಡೂ ಬದಿಯ ಹಳದಿ ಗೆರೆ ಒಮ್ಮೆ ತಾಗಿದರೂ ಮುಗಿಯಿತು. ಹೊರಗಿನವರು ದಾರಿ ತೋರಿಸುವಂತಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಪರೀಕ್ಷೆಗೆ ಯಾರೂ ನಿಂತಿಲ್ಲ, ಅಜ್ಜಿ ಯೋಚಿಸಲಿ ಅಂದರು. ಹಲಗೆ ಅಲೆಗೆ ಒಂದು ಗೇಣು ಏಳುತ್ತಿತ್ತು, ಒಂದು ಗೇಣು ಬೀಳುತ್ತಿತ್ತು. ಕರುಣಾಕರ ಬೇಡಮ್ಮ ಅಂದರು. ಅತ್ತೆ ಆಗಲೇ ನನ್ನ ರಟ್ಟೆ ಹಿಡಿದು ಎಬ್ಬಿಸುತ್ತಿದ್ದರು.

“ಅಳೂದ್ ಕಡಿಗೆ ಮಾಡ್, ಮಗಾ. ಈಗ ಹಿಂದಿನ್ ಸೀಟಿನ್ ಚೀಲ ಎಲ್ಲ ಇಳ್ಸ್. ನಂಗೆ ಹಿಂದ್ ಕಾಂತಿಲ್ಲೆ.”

ಹಿಂದೆ ಕಾಣಿಸುವುದಿಲ್ಲವಂತೆ, ಇಳಿಸಿದೆ. ಕುಚ್ಚಲಕ್ಕಿಯ ಚೀಲ, ತೆಂಗಿನಕಾಯಿ, ಭರಣಿ, ಎಲ್ಲವನ್ನೂ ದಕ್ಕೆಯ ಮೇಲೆ ರಾಶಿ ಹಾಕಿದೆ. ಭಯವಾಗುವುದಿಲ್ಲವೇ ಎಂದು ಮಾತುಗುಂಡಿ ಕೇಳಿತು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಹೆದ್ರಿಕೆ ಎಂತಕ್ಕೆ? ಘಾಟಿಯಂಗೆ ಎದ್ರ್ ಬಸ್ ಬಂದ್ರೆ ನಾವೇ ಹಿಂದ್ ಹೋಯ್ಕ್. ಇಲ್ ಬಸ್ಸೂ ಇಲ್ಲೆ, ತಿರ್ವೂ ಇಲ್ಲೆ.”

ಘಾಟಿಯಲ್ಲಿ ಬಸ್ಸಿಗೆ ದಾರಿ ಬಿಟ್ಟು ಹಿಂದೆ ಸರಿದು ಪಳಗಿದವರ ಮಾತು ಅದು. ಹಡಗಿನ ಜನರೆಲ್ಲ ಮೇಲಿನ ಕಟಕಟೆಗೆ ಬಂದು ನಿಂತಿದ್ದರು. ಒಬ್ಬ ಮನುಷ್ಯ ಗಾಡಿಯನ್ನು ಹಿಂದಕ್ಕೆ ಓಡಿಸುವುದನ್ನು ಅವರಲ್ಲಿ ಹೆಚ್ಚಿನವರು ಕಂಡವರೇ ಅಲ್ಲ. ಅತ್ತೆ ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಕೊಟ್ಟು, ಕತ್ತು ಹಿಂದಕ್ಕೆ ತಿರುಗಿಸಿ, ಬಲಗೈಯೊಂದರಲ್ಲೇ ಸ್ಟೇರಿಂಗ್ ಹಿಡಿದರು. ಕಾರು ಗೆರೆ ಎಳೆದ ಹಾಗೆ ನೆಟ್ಟಗೆ ಹಿಂದೆ ಬಂತು. ಹಲಗೆಯ ಬುಡದಲ್ಲಿ ನಿಂತಿತು. ಒಂದು ಅಲೆ ಬಂತು, ಅವರು ಕದಲಲಿಲ್ಲ. ಇನ್ನೊಂದು ಬಂತು, ಕದಲಲಿಲ್ಲ. ಹೆದರಿದರು ಅಂತ ಯಾರೋ ಮೇಲಿನಿಂದ ಅಂದರು. ನನಗೆ ಗೊತ್ತಾಯಿತು. ನಮ್ಮ ದೋಣಿಯವರು ಅಳಿವೆ ದಾಟುವಾಗ, ಹೊಳೆ ಕಡಲಿಗೆ ಸೇರುವ ಆ ಕೆಟ್ಟ ಜಾಗದಲ್ಲಿ, ಹೀಗೇ ಅಲೆ ಎಣಿಸುತ್ತಾರೆ. ಮೂರನೆಯದು ಇಳಿದು ಹಲಗೆ ತಗ್ಗಿದ ಕ್ಷಣಕ್ಕೆ ಸರಿಯಾಗಿ ಅತ್ತೆ ಹತ್ತಿಸಿದರು. ನಡುವೆ ನಿಲ್ಲಿಸಿದರು. ಸಾಲಿಮ್ ಇನ್ನಿಬ್ಬರು ಅಧಿಕಾರಿಗಳ ಜೊತೆ ನಿಂತು ಗಟ್ಟಿಯಾಗಿ ಎಣಿಸತೊಡಗಿದರು. ಹಲಗೆ ಏಳುತ್ತಿತ್ತು, ಬೀಳುತ್ತಿತ್ತು. ಚಕ್ರ ಒಂದು ಬೆರಳಿನಷ್ಟೂ ಸರಿಯಲಿಲ್ಲ. ಎಪ್ಪತ್ತು ದಾಟುವಾಗ ಹಡಗಿನವರೂ ಅವರ ಜೊತೆ ಎಣಿಸುತ್ತಿದ್ದರು. ನೂರು ಅಂದದ್ದೇ ಕಾರು ಹಡಗಿನ ಹೊಟ್ಟೆಯೊಳಗೆ ಮಾಯವಾಯಿತು. ಮರುಕ್ಷಣ ಮುಂದೀಪ ಉರಿಸಿಕೊಂಡು ಹೊರಬಂದು, ಇಳಿದು, ಗೇಟಿನೆದುರು ಮೊದಲು ನಿಂತಿದ್ದ ಜಾಗದಲ್ಲೇ ನಿಂತಿತು.

ಸಾಲಿಮ್ ಗೇಟನ್ನು ತಮ್ಮ ಕೈಯಿಂದಲೇ ಎತ್ತಿದರು. ಹಡಗಿನ ನಾವಿಕರು ಉದ್ದಕ್ಕೆ ಒಂದು ಸೀಟಿ ಹಾಕಿದರು. ನಾನು ಚೀಲಗಳನ್ನು ಮತ್ತೆ ತುಂಬಿ, ಅತ್ತೆಯ ಪಕ್ಕದಲ್ಲಿ ಕೂತು, ಆ ಊರಿನ ತೆಂಗಿನ ತೋಪುಗಳ ನಡುವಿನ ರಸ್ತೆಯಲ್ಲಿ ಊರಿಡೀ ಕೇಳುವಂತೆ ನಗುತ್ತ ಹೋದೆ. ಹನ್ನೊಂದು ದಿನ ಅತ್ತೆ ಓಡಿಸಿದರು. ಕಡಲ ಬದಿಯಲ್ಲಿ ಓಡಿಸಿದರು, ಧೂಪದ ಮರಗಳಿರುವ ಬೋಳುಗುಡ್ಡಗಳ ಮೇಲೆ ಓಡಿಸಿದರು, ಒಂಟೆಗಳು ರಸ್ತೆಗೆ ಅಡ್ಡ ನಿಂತರೆ ಹಾರ್ನ್ ಹಾಕಿ ಗದರಿಸಿದರು. ಕರುಣಾಕರ ಹಿಂದಿನ ಸೀಟಿನಲ್ಲಿ ಕೂತು ಬಲಗಡೆ ಅಮ್ಮಾ ಬಲಗಡೆ ಅನ್ನುತ್ತಲೇ ಇದ್ದರು, ಅತ್ತೆಗೆ ಒಮ್ಮೆಯೂ ತಪ್ಪಲಿಲ್ಲ. ನಾನು ನೋಡಿದ ಜಾಗಗಳ ಹೆಸರು ಅರ್ಧ ಮರೆತಿದ್ದೇನೆ, ಅತ್ತೆಯ ಮುಖ ಮಾತ್ರ ಹಾಗೇ ಕಣ್ಣಿಗೆ ಕಟ್ಟಿದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದಲ್ಲಿ ವಿಮಾನ ಅಗ್ಗವೆಂದು ಓದಿದ್ದೇನೆ. ಹಾರಿ, ಬೇಡ ಅನ್ನುವುದಿಲ್ಲ. ಆದರೆ ಮನೆಯ ಹಿರಿಯರನ್ನು ಹೊರಡಿಸುವ ಮೊದಲು ಅಲ್ಲಿ ಹೋಗಿ ಏನು ನೋಡುತ್ತೀರಿ ಅಂತ ಕೇಳಬೇಡಿ, ಏನು ಮಾಡುತ್ತೀರಿ ಅಂತ ಕೇಳಿ. ಉತ್ತರ ಸಿಕ್ಕಿದರೆ ದಾರಿ ಎಷ್ಟೇ ಉದ್ದವಾಗಲಿ, ಆ ದಾರಿಯಲ್ಲೇ ಕರೆದುಕೊಂಡು ಹೋಗಿ.

ಕಳೆದ ವಾರ ಅತ್ತೆಗೆ ಎಪ್ಪತ್ತೇಳು ತುಂಬಿತು. ಕೈಚೀಟಿ ಹಿಂದಿರುಗಿಸಲು ಕುಂದಾಪುರದ ಕಚೇರಿಗೆ ಇಬ್ಬರೂ ಹೋಗಿದ್ದೆವು. ಅಲ್ಲಿ ಒಂದು ಅರ್ಜಿ ತುಂಬಬೇಕು, ಅದರಲ್ಲಿ ಕೊನೆಯ ಪ್ರಶ್ನೆ, ತಾವು ಕಡೆಯದಾಗಿ ರಸ್ತೆಯ ಮೇಲೆ ವಾಹನ ಓಡಿಸಿದ್ದು ಯಾವಾಗ, ಎಲ್ಲಿ. ಚೀಟಿ ಕೊಡಲು ಬಂದ ಮುದುಕರೆಲ್ಲ ಬರೆಸುವುದು ಒಂದೇ ಉತ್ತರವಂತೆ. ಗುಮಾಸ್ತ ಕೇಳುವ ಗೋಜಿಗೂ ಹೋಗದೆ 2149 ಅಂತ ಬರೆದುಬಿಟ್ಟಿದ್ದ. ಅತ್ತೆ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಅದನ್ನು ಹೊಡೆದುಹಾಕಿ, ಮೇಲೆ ದುಂಡಗೆ ಬರೆದರು:

“ಹೋದ ತಿಂಗಳು. ಸಲಾಲಾದಲ್ಲಿ. ಹಿಂದಕ್ಕೂ, ಮುಂದಕ್ಕೂ.”

ನಿಮ್ಮವಳೇ ಆದ,
ಜಲಜಾಕ್ಷಿ