ಮಗನ ಕೂದಲು ಕಳಿಸಿದ್ದೇನೆ

ಮೈದುನ ರಗ್ನೆಮಾರ್ ದೊರೆಗಳಿಗೆ, ಮ್ಯೂಸ್ ನದಿ ದಂಡೆಯ ಸನ್ಯಾಸಿನಿಯರ ಮಠದಿಂದ ಅತ್ತಿಗೆಯ ವಂದನೆಗಳು.

ನಿಮ್ಮ ಆಳು ಬಂದು ವಿಷಯ ಹೇಳಿದ. ಜ್ವರದಲ್ಲಿ ನಿಮ್ಮ ಮಗನ ಕೂದಲೆಲ್ಲ ಉದುರಿತಂತೆ. ಈಸ್ಟರ್ ಹಬ್ಬಕ್ಕೆ ಅವನನ್ನು ಗುರಾಣಿಯ ಮೇಲೆ ನಿಲ್ಲಿಸಿ, ಮುಂದಿನ ಅರಸನೆಂದು ಸೈನ್ಯಕ್ಕೆ ಎತ್ತಿ ತೋರಿಸಬೇಕಂತೆ. ಅದಕ್ಕೆ ನನ್ನ ಮಗ ಲ್ಯೂಬಾರ್ಡನ ಕೂದಲು ಬೇಕು, ಟೊಪ್ಪಿಗೆಗೆ ಹೊಲಿಸುತ್ತೀರಂತೆ.

ಉದ್ದ ಕೂದಲಿಲ್ಲದವನನ್ನು ನಮ್ಮ ಫ್ರಾಂಕರು ಅರಸನೆಂದು ಒಪ್ಪುವುದಿಲ್ಲ. ಅದು ಗೊತ್ತಿದ್ದೇ, ಅರಸರಾಗಿದ್ದ ನಿಮ್ಮಣ್ಣ ಸತ್ತ ತಿಂಗಳೊಳಗೆ ಅವರ ಮಗನ ತಲೆಗೆ ಕತ್ತರಿ ಹಾಕಿಸಿ ಮಠಕ್ಕೆ ತಳ್ಳಿದಿರಿ. ನಾನು ಅತ್ತಾಗ, "ಯಾಕತ್ತಿಗೆ ಇಷ್ಟು ರಂಪ? ಕೂದಲು ತಾನೆ, ತಲೆ ಉಳಿಸಿದೀನಲ್ಲ" ಅಂದಿರಿ. ನೆಲದ ಮೇಲೆ ಬಿದ್ದದ್ದನ್ನು ನಾನೇ ಆಯ್ದು ಗಂಟು ಕಟ್ಟಿ ಇಟ್ಟುಕೊಂಡಿದ್ದೆ.

ಆ ಗಂಟನ್ನು ತೊಳೆದು ಬಾಚಿ ಇದೇ ಆಳಿನ ಕೈಯಲ್ಲಿ ಕಳಿಸಿದ್ದೇನೆ. "ಕೊಡಬೇಡಿ ಅಮ್ಮಾ, ಬೋಳುತಲೆ ರಾಜನ್ನ ಊರೆಲ್ಲ ನೋಡ್ಲಿ ಬಿಡಿ" ಅಂದಳು ನನ್ನ ದಾಸಿ. ಕೊಡದಿದ್ದರೆ ನೀವು ಲ್ಯೂಬಾರ್ಡನ ತಲೆಯನ್ನೇ ಕೇಳುವವರೆಂದು ಅವಳಿಗೇನು ಗೊತ್ತು. ಬಣ್ಣ ಅವನಪ್ಪನದೇ. ಹಳೇ ಸೈನಿಕರು ಗುರುತು ಹಿಡಿದರೆ ನನ್ನನ್ನು ಬೈಯಬೇಡಿ. ಟೊಪ್ಪಿಗೆಯನ್ನು ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿಸಿ, ಅಷ್ಟು ಎತ್ತರದಲ್ಲಿ ಗಾಳಿ ಜೋರಿರುತ್ತದೆ.

ನನ್ನದೂ ಒಂದು ಕೋರಿಕೆ. ನಿಮ್ಮ ಅಪ್ಪಣೆಯಂತೆ ಲ್ಯೂಬಾರ್ಡನ ತಲೆಯನ್ನು ವಾರವಾರವೂ ಬೋಳಿಸುತ್ತಾರೆ. ಆ ಮಠದ ಕ್ಷೌರದ ಕತ್ತಿ ಮೊಂಡಾಗಿ, ತಲೆ ತುಂಬ ಗಾಯವಂತೆ. ಹರಿತವಾದದ್ದೊಂದು ಕಳಿಸಿಕೊಡಿ. ನನ್ನ ಮಗನಿಗೆ ಕೂದಲು ಬಲು ಬೇಗ ಬೆಳೆಯುತ್ತದೆ.

ಇಂತಿ ನಿಮ್ಮ ಅತ್ತಿಗೆ,
ಗುಂಡ್ರಾದ