ತಂಡದ ಹೆಸರು

೧೯ ಜನವರಿ ೨೦೨೫, ಭಾನುವಾರ. ರಾಕ್‌ವಿಲ್

ಬೆಳಗ್ಗೆ ಷಾರ್ಲೆಟ್‌ನಿಂದ ಚೇತನ ಫೋನ್ ಮಾಡಿದ. ಎಷ್ಟೋ ವರ್ಷಗಳ ಮೇಲೆ ತಮ್ಮನ ದನಿ ಕೇಳಿದ್ದು. ದಿನವಿಡೀ ಅದೇ ಕಿವಿಯಲ್ಲಿದೆ.

ನಿನ್ನೆ ನಮ್ಮ ವಾಷಿಂಗ್ಟನ್‌ನ ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯಿಟ್ ತಂಡವನ್ನು ಸೋಲಿಸಿತು. ಇನ್ನೊಂದು ಗೆದ್ದರೆ ಸೂಪರ್ ಬೌಲ್ ಫೈನಲ್. ಹಿಂದೆ ತಂಡ ಈ ಹಂತ ಮುಟ್ಟಿದ್ದು ೧೯೯೨ರಲ್ಲಿ, ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದಾಗ. ಆಗ ಅಪ್ಪ ಇದ್ದರು. ಟಚ್‌ಡೌನ್ ಆಗಿ ಅಂಕ ಬಂದಾಗಲೆಲ್ಲ ಚೇತನನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಕುಣಿಯುತ್ತಿದ್ದರು.

೨೦೨೦ರಲ್ಲಿ ತಂಡ ಹಳೆಯ ಹೆಸರನ್ನು ಕೈಬಿಟ್ಟಾಗ ನಮಗೆ ಜಗಳವಾಯಿತು. ಆ ಹೆಸರು ಇಲ್ಲಿನ ಮೂಲನಿವಾಸಿಗಳಿಗೆ ಬೈಗುಳ ಎಂದೆ ನಾನು. ಅಪ್ಪನ ಟೀಮನ್ನೇ ಅಳಿಸಿಹಾಕಿದರು, ನೀನೂ ಅವರ ಕಡೆಯೇ ಎಂದ ಅವನು. ಮಾತು ಅಲ್ಲಿಗೆ ನಿಂತಿತು. ನನ್ನ ಅಭಿಪ್ರಾಯ ಈಗಲೂ ಅದೇ. ಆದರೆ ನಿನ್ನೆ ಗೆದ್ದಾಗ ಮೊದಲು ನೆನಪಾದವನು ಅವನೇ.

“ಅಕ್ಕಾ, ಗೇಮ್ ನೋಡಿದ್ಯಾ?” ಎಂದ, ಮೊನ್ನೆಯಷ್ಟೇ ಮಾತಾಡಿದವನ ಹಾಗೆ.

“ನೋಡ್ದೆ. ಅಪ್ಪ ಇರ್ಬೇಕಿತ್ತು ಕಣೋ.”

ಆಮೇಲೆ ಅವನೇ ಹೇಳಿದ, “ಆ ಹೊಸ ಹೆಸರು ನಂಗಿನ್ನೂ ಬಾಯಿಗೆ ಬರಲ್ಲ.”

“ವಾಷಿಂಗ್ಟನ್ ಅನ್ನು, ಸಾಕು.”

“ಸ್ಯಾಟರ್‌ಡೇ ಡ್ರೈವ್ ಮಾಡ್ಕೊಂಡು ಬರ್ತೀನಿ, ಸಂಡೇ ಗೇಮ್ ನಿಮ್ಮನೇಲೇ ನೋಡೋಣ. ಮಗಳೂ ಬರ್ತಾಳೆ. ಅವಳು ಹೊಸ ಹೆಸರಿನ ಜೆರ್ಸಿ ತಗೊಂಡಿದ್ದಾಳೆ. ನನ್ನ ನೋಡಿ ನಗಬೇಡ.”

ನಗುವುದಿಲ್ಲ ಎಂದೆ. ಅಷ್ಟರಲ್ಲಿ ಅವನೇ ನಕ್ಕುಬಿಟ್ಟ.

ಶನಿವಾರಕ್ಕೆ ಇನ್ನೂ ಎಷ್ಟೋ ದಿನವಿದೆ. ಆದರೂ ಮೇಲಿನ ಕೋಣೆಯ ಮಂಚಕ್ಕೆ ಸಂಜೆಯೇ ಒಗೆದ ಹಾಸು ಹಾಕಿಬಂದೆ.